ರೆಕಾರ್ಡಿಂಗ್ ರಾಯರು

ಯಾರ ಮನೆಗೆ ಊಟಕ್ಕೆ ಹೋದರೂ ರಾಯರು ಮೊದಲು ನೋಡುವುದು ಟಿವಿಯ ಹಿಂಭಾಗವನ್ನು. ಸನಿವೇಲ್, ಕ್ಯೂಪರ್ಟಿನೊ, ಫ್ರೀಮಾಂಟ್ ಎಂದು ಕ್ಯಾಲಿಫೋರ್ನಿಯಾದ ಬೇ ಏರಿಯಾ ತುಂಬ ಹರಡಿಕೊಂಡಿರುವ ಕನ್ನಡದ ಮನೆಗಳಲ್ಲಿ ಇಂಥವರು ಹುಡುಕದಿದ್ದರೂ ಸಿಗುತ್ತಾರೆ. ನಾನು ಹೇಳುತ್ತಿರುವ ರಾಯರು ನಾಲ್ಕೈದು ಜನ ಸೇರಿ ಆದ ಒಬ್ಬರು. ಹಾಗಾಗಿ ಯಾರೂ ಮುನಿಸಿಕೊಂಡು ಫೋನ್ ಮಾಡಬೇಕಾಗಿಲ್ಲ.

ಚಪ್ಪಲಿ ಬಿಟ್ಟು ಒಳಗೆ ಬಂದವರು "ಹೇಗಿದೀರಾ" ಎನ್ನುತ್ತಲೇ ಟಿವಿ ಸ್ಟ್ಯಾಂಡಿನ ಹಿಂದೆ ಬಗ್ಗುತ್ತಾರೆ. ಅಲ್ಲಿ ಕೇಬಲ್ ಕಂಪನಿಯ ಕರಿ ಡಬ್ಬ ಕಂಡಿತೋ, ಮುಖ ಸಣ್ಣದಾಗುತ್ತದೆ.

"ಇದಕ್ಕೆ ಬಾಡಿಗೆ ಕಟ್ತಿದೀರಾ?"

ಮನೆಯ ಯಜಮಾನ ತಲೆ ತಗ್ಗಿಸುತ್ತಾನೆ. ಅಲ್ಲಿಂದ ಕೋಸಂಬರಿ ಬಡಿಸುವವರೆಗೆ ಲೆಕ್ಕವೇ ಲೆಕ್ಕ. ಒಂದು ಟಿವಿಗೆ ಒಂದು ಡಬ್ಬ, ರೆಕಾರ್ಡಿಂಗ್ ಬೇಕೆಂದರೆ ಇನ್ನೂ ದುಬಾರಿ ಡಬ್ಬ, ತಿಂಗಳಿಗಿಷ್ಟು, ವರ್ಷಕ್ಕಿಷ್ಟು, ಮಗ ಕಾಲೇಜು ಮುಗಿಸುವ ಹೊತ್ತಿಗೆ ಇಷ್ಟು. 2015ರಲ್ಲಿ ಇಬ್ಬರು ಅಮೆರಿಕನ್ ಸೆನೆಟರ್‌ಗಳು ವಿಚಾರಣೆ ಮಾಡಿಸಿ, ಒಂದು ಸಂಸಾರ ಈ ಡಬ್ಬಗಳಿಗಾಗಿ ವರ್ಷಕ್ಕೆ ಸರಾಸರಿ 231 ಡಾಲರ್ ತೆರುತ್ತಿದೆ ಎಂದು ಹೇಳಿದರಲ್ಲ, ಆ ದಿನ ರಾಯರು ಆಫೀಸಿಗೆ ಸಿಹಿ ಹಂಚಿದರಂತೆ. ಎಷ್ಟೋ ಮೊದಲೇ ತಾವು ಎಲ್ಲರ ಅಡುಗೆಮನೆಯಲ್ಲಿ ನಿಂತು ಸಾರಿದ್ದನ್ನು ಸರ್ಕಾರ ತಡವಾಗಿ ಒಪ್ಪಿಕೊಂಡಿತು ಎಂಬ ಧಾಟಿ.

ಬಾಡಿಗೆ ಎಂದರೆ ರಾಯರಿಗೆ ಯಾಕಿಷ್ಟು ಸಿಟ್ಟು? ನನ್ನ ಊಹೆ, ಇದರ ಬೇರು ಮೈಸೂರಿನಲ್ಲಿದೆ. ಎಂಬತ್ತರ ದಶಕದಲ್ಲಿ ಇಡೀ ವಠಾರ ಚಂದಾ ಎತ್ತಿ ವಿಸಿಪಿ ಮತ್ತು ಕಲರ್ ಟಿವಿಯನ್ನು ಒಂದು ರಾತ್ರಿಗೆ ಬಾಡಿಗೆಗೆ ತರುತ್ತಿತ್ತು. ಮೂರು ಕ್ಯಾಸೆಟ್, ಬೆಳಗಾಗುವುದರೊಳಗೆ ವಾಪಸ್. ಎರಡನೇ ಸಿನಿಮಾದ ನಡುವೆ ಕರೆಂಟು ಹೋಗುತ್ತಿತ್ತು. ಕರೆಂಟು ಹೋದರೂ ಬಾಡಿಗೆ ನಿಲ್ಲುತ್ತಿರಲಿಲ್ಲ. ಕತ್ತಲಲ್ಲಿ ಚಾಪೆಯ ಮೇಲೆ ಕೂತು, ಖಾಲಿ ಪರದೆಗೆ ಗಂಟೆಗಿಷ್ಟು ದುಡ್ಡು ಹರಿದುಹೋಗುತ್ತಿದ್ದುದನ್ನು ಆ ಹುಡುಗ ಲೆಕ್ಕ ಹಾಕಿರಬೇಕು.

ಅದೇ ಹುಡುಗ 2011ರಲ್ಲಿ, ಎರಡು ಮಕ್ಕಳ ತಂದೆಯಾಗಿ, ಮೂರು ಟಿವಿಗಳ ಮನೆಯ ಒಡೆಯನಾಗಿ, ಡಬ್ಬಗಳನ್ನೆಲ್ಲ ಕಿತ್ತು ಕಂಪನಿಗೆ ಹಿಂದಿರುಗಿಸಿದ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಒಂದು ಕಂಪ್ಯೂಟರ್ ಕೂರಿಸಿದ. ಇಡೀ ಮನೆಗೆ ಅದೊಂದೇ ರೆಕಾರ್ಡರ್. ವಿಂಡೋಸ್ 7ರ ಮೀಡಿಯಾ ಸೆಂಟರ್, ಅದರೊಳಗೆ ನಾಲ್ಕು ಟ್ಯೂನರ್‌ಗಳ ಸೀಟನ್ ಕಾರ್ಡು. ಕಾರ್ಡಿನ ಬೆಲೆಯೇ 399 ಡಾಲರ್. ಡಿಸ್ಕು, ಪೆಟ್ಟಿಗೆ, ಸದ್ದಿಲ್ಲದ ಫ್ಯಾನು ಬೇರೆ. ಬಂಡವಾಳ ಯಾವಾಗ ವಾಪಸ್ ಬರುತ್ತದೆ ಎನ್ನುವುದಕ್ಕೆ ಎಕ್ಸೆಲ್ ಶೀಟು ಇದೆ. ಆ ಶೀಟಿನಲ್ಲಿ ರಾಯರ ಶನಿವಾರ, ಭಾನುವಾರಗಳಿಗೆ ಕಾಲಮ್ ಇಲ್ಲ.

ಕಂಪ್ಯೂಟರ್ ಕಟ್ಟುವುದು ಸುಲಭದ ಭಾಗ. ಕೇಬಲ್ ಚಾನೆಲ್‌ಗಳು ಬೀಗ ಹಾಕಿಕೊಂಡು ಬರುತ್ತವೆ. ಬೀಗ ತೆಗೆಯಲು ಕೇಬಲ್‌ಕಾರ್ಡ್ ಎಂಬ ಬಿಲ್ಲೆ ಬೇಕಿತ್ತು. ಹಳೆಯ ಲ್ಯಾಪ್‌ಟಾಪ್‌ಗಳ ಪಕ್ಕೆಗೆ ತೂರಿಸುತ್ತಿದ್ದರಲ್ಲ, ಆ ಅಳತೆಯದು. ಅದನ್ನು ಕೇಬಲ್ ಕಂಪನಿಯೇ ಕೊಡಬೇಕಿತ್ತು. ಅದಕ್ಕೆ ಮನಸ್ಸಿರಲಿಲ್ಲ, ಆದರೆ ಕಾನೂನು ಬಿಡುತ್ತಿರಲಿಲ್ಲ. 1996ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆಯಿಂದ ಬಂದ 629ನೇ ಸೆಕ್ಷನ್ನು ಗಿರಾಕಿ ತನಗೆ ಬೇಕಾದ ಪೆಟ್ಟಿಗೆಯನ್ನು ಅಂಗಡಿಯಲ್ಲಿ ಕೊಳ್ಳುವಂತಿರಬೇಕು ಎನ್ನುತ್ತದೆ. ಕಂಪನಿಗಳು ಕಾಟಾಚಾರಕ್ಕೆ ಕಾರ್ಡು ಕೊಡಬಾರದೆಂದು, 2007ರ ಜುಲೈನಿಂದ ಅವರ ಸ್ವಂತ ಹೊಸ ಡಬ್ಬಗಳೂ ಇದೇ ಕಾರ್ಡಿನಲ್ಲಿ ನಡೆಯಬೇಕೆಂದು ಅಮೆರಿಕದ ಸಂಪರ್ಕ ಆಯೋಗವಾದ ಎಫ್‌ಸಿಸಿ ಪಟ್ಟು ಹಿಡಿಯಿತು. ರಾಯರಿಗೆ ಇದೆಲ್ಲ ಸಂಧ್ಯಾವಂದನೆಗಿಂತ ಚೆನ್ನಾಗಿ ಬಾಯಿಗೆ ಬರುತ್ತದೆ. ಕಸ್ಟಮರ್ ಕೇರ್‌ನ ಹುಡುಗಿಗೂ ಒಪ್ಪಿಸಿದರು.

"ಸರ್, ನಿಮ್ಮ ಟಿವಿ ಯಾವ ಮಾಡೆಲ್?"

"ಟಿವಿಗಲ್ಲಮ್ಮ, ಕಂಪ್ಯೂಟರಿಗೆ."

"ಹಾಗಾದರೆ ಇಂಟರ್ನೆಟ್ ವಿಭಾಗಕ್ಕೆ ಕೊಡುತ್ತೇನೆ."

ಇಂಟರ್ನೆಟ್ ವಿಭಾಗದವನು ಮೋಡೆಮ್ ಆರಿಸಿ ಮತ್ತೆ ಹೊತ್ತಿಸಲು ಹೇಳಿದ. ಕೊನೆಗೊಬ್ಬ ಟೆಕ್ನಿಷಿಯನ್ ಮನೆಗೇ ಬಂದ. ಬಂದವನು ಮೆಟ್ಟಿಲ ಕೆಳಗೆ ಟಾರ್ಚು ಬಿಟ್ಟು, "ಟಿವಿ ಎಲ್ಲಿ?" ಎಂದ. ಕಾರ್ಡ್ ಐಡಿ, ಹೋಸ್ಟ್ ಐಡಿ, ಡೇಟಾ ಐಡಿ ಎಂದು ಮೂರು ಉದ್ದನೆಯ ಸಂಖ್ಯೆಗಳನ್ನು ಫೋನಿನಲ್ಲಿ ಒಂದೊಂದೇ ಅಂಕೆ ಓದಿ ಹೇಳಬೇಕು, ಆ ಕಡೆಯವರು ಅದನ್ನು ತಪ್ಪಿಲ್ಲದೆ ಒತ್ತಬೇಕು, ಆಗ ಕಾರ್ಡೂ ಟ್ಯೂನರೂ ಜೋಡಿಯಾಗುತ್ತವೆ. ಜಾತಕ ಕೂಡಿಬರಲು ಒಂದು ವಾರಾಂತ್ಯವೇ ಹಿಡಿಯಿತು. ಆ ಕಾರ್ಡಿಗೂ ತಿಂಗಳಿಗೆ ಸಣ್ಣದೊಂದು ಬಾಡಿಗೆ ಇತ್ತು. ಈ ವಿಷಯ ರಾಯರ ಎದುರು ಎತ್ತಬಾರದು.

ಉಳಿದ ಎರಡು ಟಿವಿಗಳಿಗೆ ಚಿತ್ರ ಮುಟ್ಟಿಸಲು ಒಂದೊಂದು ಎಕ್ಸ್‌ಬಾಕ್ಸ್ 360 ಬಂತು. ಮೀಡಿಯಾ ಸೆಂಟರ್‌ಗೆ ಅದು ದೂರದ ಕೋಣೆಯ ಕಿಟಕಿಯಾಗಿಯೂ ಕೆಲಸ ಮಾಡುತ್ತದೆ. ಮಕ್ಕಳು ಕುಣಿದಾಡಿದವು. "ಇದು ಆಟಕ್ಕಲ್ಲ, ಎಕ್ಸ್‌ಟೆಂಡರ್" ಎಂದು ಅಪ್ಪ ಹೇಳಿದಾಗ ಆ ಮುಖಗಳನ್ನು ನೋಡಲಾಗಲಿಲ್ಲ ಎನ್ನುತ್ತಾರೆ ರಾಯರ ಹೆಂಡತಿ, ನಮ್ಮೆಲ್ಲರ ಅತ್ತಿಗೆ. ಅಂಗಡಿಯವರೇ ಆಟ ತುಂಬಿಸಿ ಕೊಟ್ಟ ಯಂತ್ರದಲ್ಲಿ ಆಡಕೂಡದ ಮನೆ ಸನಿವೇಲಿನಲ್ಲಿ ಅದೊಂದೇ.

ಈ ಸಂಸ್ಥಾನದಲ್ಲಿ ಅತ್ತಿಗೆಯ ಸ್ಥಾನಮಾನ ಯೂಸರ್. ತಕರಾರಿದ್ದರೆ ಏನಾಯಿತು, ಯಾವ ಕೋಣೆಯಲ್ಲಿ, ಎಷ್ಟು ಗಂಟೆಗೆ ಎಂದು ಹೇಳಬೇಕು. "ರೀ, ಟಿವಿ ಬರ್ತಿಲ್ಲ" ಎಂದರೆ ಸಾಲದು. ಡಬ್ಬ ಇದ್ದಾಗ ರಿಮೋಟಿನ ಒಂದು ಗುಂಡಿ ಒತ್ತಿ ಟಿವಿ ನೋಡುತ್ತಿದ್ದವರಿಗೆ ಈಗ ಫ್ರಿಜ್ಜಿನ ಮೇಲೆ ಲ್ಯಾಮಿನೇಟ್ ಮಾಡಿದ ಸೂಚನಾಪತ್ರವಿದೆ. ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ಬಂದು ಯಂತ್ರ ತಾನೇ ಮಲಗಿ ತಾನೇ ಏಳುತ್ತಿತ್ತು, ಕೆಲವೊಮ್ಮೆ ಏಳುತ್ತಿರಲಿಲ್ಲ. ಒಮ್ಮೆ ರಾಯರು ತಂಗಿಯ ಮಗಳ ಮದುವೆಗೆ ಮೈಸೂರಿಗೆ ಹೋಗಿದ್ದಾಗ ಹಾಗೇ ಆಯಿತು. ಛತ್ರದಲ್ಲಿ ಪಂಕ್ತಿ ಕೂತಿದೆ, ಎಲೆಗೆ ಚಿರೋಟಿ ಬಿದ್ದಿದೆ, ಹಾಲು ಹಾಕುವವನು ಎದುರಿಗೆ ನಿಂತಿದ್ದಾನೆ, ರಾಯರು ಎಡಗೈಯಲ್ಲಿ ಫೋನು ಹಿಡಿದು "ಸರ್ವೀಸ್ ರೀಸ್ಟಾರ್ಟ್ ಮಾಡು, ಹಸಿರು ದೀಪ ಬಂತಾ?" ಎಂದು ಕೂಗುತ್ತಿದ್ದಾರೆ. ಪಕ್ಕದವರು, ಪಾಪ, ಡಾಕ್ಟರಿರಬೇಕು ಎಂದುಕೊಂಡರು.

ಊರಿನಿಂದ ಬಂದಿದ್ದ ರಾಯರ ಅಮ್ಮನಿಗೆ ರಾತ್ರಿಯ ಧಾರಾವಾಹಿ ಬೇಕಿತ್ತು. ರಾಯರ ಪ್ಯಾಕೇಜಿನಲ್ಲಿ ಕನ್ನಡ ಚಾನೆಲ್ಲೇ ಇರಲಿಲ್ಲ.

"ಏಕಕಾಲಕ್ಕೆ ನಾಲ್ಕು ಚಾನೆಲ್ ರೆಕಾರ್ಡ್ ಆಗತ್ತಮ್ಮ."

"ಕನ್ನಡದ್ದು ಒಂದು ಆದ್ರೆ ಸಾಕಿತ್ತು ಕಣೋ."

ಆದರೂ ಆ ಯಂತ್ರವನ್ನು ಮನಸಾರೆ ಮೆಚ್ಚಿದವರು ಅವರೊಬ್ಬರೇ. ಕ್ಯಾಲಿಫೋರ್ನಿಯಾದ ಡಿಸೆಂಬರಿನಲ್ಲಿ ಇಡ್ಲಿ ಹಿಟ್ಟು ಉಬ್ಬುವುದಿಲ್ಲ. ಮೆಟ್ಟಿಲ ಕೆಳಗಿನ ಗೂಡು ಹಗಲೂ ರಾತ್ರಿ ಬೆಚ್ಚಗಿರುವುದನ್ನು ಎರಡೇ ದಿನದಲ್ಲಿ ಪತ್ತೆ ಮಾಡಿ, ಕಂಪ್ಯೂಟರಿನ ನೆತ್ತಿಯ ಮೇಲೆ ಹಿಟ್ಟಿನ ಪಾತ್ರೆ ಇಟ್ಟರು. ಬೆಳಿಗ್ಗೆ ಹಿಟ್ಟು ಮುಚ್ಚಳ ಎತ್ತಿಕೊಂಡು ನಿಂತಿತ್ತು. ಮುಂದೆ ರಾಯರು ವಿದ್ಯುತ್ ಉಳಿಸುವ ಹೊಸ ಪ್ರೊಸೆಸರ್ ಹಾಕಿ ಗೂಡು ತಣ್ಣಗಾದಾಗ ಮನೆಯಲ್ಲಿ ದಂಗೆಯೇ ಎದ್ದಿತು.

ಆದರೆ ರಾಯರ ಚರಿತ್ರೆಯಲ್ಲಿ ಎದ್ದು ಕಾಣುವ ದಿನ 2013ರ ಫೆಬ್ರುವರಿ 3. ನ್ಯೂ ಆರ್ಲಿಯನ್ಸ್‌ನಲ್ಲಿ ಸೂಪರ್ ಬೌಲ್, ಅಮೆರಿಕನ್ ಫುಟ್‌ಬಾಲಿನ ಫೈನಲ್. ನಮ್ಮ ಸ್ಯಾನ್ ಫ್ರಾನ್ಸಿಸ್ಕೊ ತಂಡ ಬಾಲ್ಟಿಮೋರಿನ ಎದುರು. ರಾಯರು ಇಪ್ಪತ್ತು ಮನೆ ಕರೆದರು. ಷರತ್ತು ಒಂದೇ: ಆಟ ಮಧ್ಯಾಹ್ನ ಮೂರೂವರೆಗೆ ಶುರುವಾದರೂ ನಾವು ಪುಳಿಯೋಗರೆ, ಬೋಂಡ ಮುಗಿಸಿ ಆರು ಗಂಟೆಗೆ ಕೂರುವುದು. "ಆಟದ ಗಡಿಯಾರ ಓಡೋದು ಒಂದೇ ಗಂಟೆ. ಉಳಿದಿದ್ದೆಲ್ಲ ಜಾಹೀರಾತು, ಗುಸುಗುಸು. ಎಲ್ಲ ಹಾರಿಸಿಬಿಡ್ತೀನಿ." ಸ್ಕೋರು ಬಾಯಿಬಿಡದಿರಲೆಂದು ಬಾಗಿಲಲ್ಲೇ ಎಲ್ಲರ ಫೋನು ವಸೂಲಿ ಮಾಡಿ ದೊಡ್ಡ ದಬರಿಯೊಂದಕ್ಕೆ ಹಾಕಿ ಮುಚ್ಚಳ ಮುಚ್ಚಿದರು.

ನಾವು ಬೋಂಡ ತಿನ್ನುತ್ತಿರುವಾಗ ಪಕ್ಕದ ಮನೆಯವರು ಒಮ್ಮೆ ಹೋ ಎಂದರು, ಒಮ್ಮೆ ಅಯ್ಯೋ ಎಂದರು, ಆಮೇಲೆ ಬಹಳ ಹೊತ್ತು ಸದ್ದೇ ಇಲ್ಲ. ರಾಯರು ಕಿಟಕಿ ಮುಚ್ಚಿಸಿದರು.

ಆರಕ್ಕೆ ಪ್ರದರ್ಶನ ಶುರು. ರಿಮೋಟ್ ಹಿಡಿದ ರಾಯರ ಹೆಬ್ಬೆರಳು ನಿಲ್ಲಲೇ ಇಲ್ಲ. ಸೂಪರ್ ಬೌಲನ್ನು ಅರ್ಧ ಅಮೆರಿಕ ನೋಡುವುದೇ ಜಾಹೀರಾತಿಗಾಗಿ. ಅರ್ಧ ನಿಮಿಷದ ಪ್ರಸಾರಕ್ಕೇ ಹೆಚ್ಚುಕಡಿಮೆ 40 ಲಕ್ಷ ಡಾಲರ್ ಕೊಟ್ಟು ಹಾಕಿಸಿದಂಥವು. ಎಲ್ಲ ಹಾರಿದವು. ನಡುವಿರಾಮದಲ್ಲಿ ಬಿಯಾನ್ಸೆ ವೇದಿಕೆಗೆ ಬಂದಳು, ಹದಿಹರೆಯದ ಹುಡುಗಿಯರು ಎದ್ದು ನಿಂತರು. "ಇದು ಆಟ ಅಲ್ಲ" ಎಂದು ಅವಳನ್ನೂ ಹಾರಿಸಿದರು. ಸ್ಕೋರು ಬಾಲ್ಟಿಮೋರ್ 28, ನಾವು 6. ಆಗ ಕ್ರೀಡಾಂಗಣದ ಅರ್ಧ ದೀಪಗಳು ಆರಿಹೋದವು. ಕರೆಂಟು! ಅಲ್ಲಿ ಆಟಗಾರರು 34 ನಿಮಿಷ ನೆಲದ ಮೇಲೆ ಕೂತು ಕೈಕಾಲು ಚಾಚಿಕೊಳ್ಳುತ್ತಿದ್ದರೆ ರಾಯರು ಅದನ್ನು ಹತ್ತು ಸೆಕೆಂಡಿನಲ್ಲಿ ದಾಟಿಸಿ ನಮ್ಮತ್ತ ತಿರುಗಿದರು. ಮೂವತ್ತು ವರ್ಷದ ಹಿಂದಿನ ವಠಾರದ ಕತ್ತಲನ್ನೂ ಸೇರಿಸಿ ದಾಟಿಸಿದ ಗೆಲುವು ಆ ಮುಖದಲ್ಲಿತ್ತು. "ಊರೆಲ್ಲ ಕಾದಿದೆ. ನಾವು ಕಾದ್ವಾ?"

ದೀಪ ಬಂದ ಮೇಲೆ ನಮ್ಮವರು ಎದ್ದು ನಿಂತರು. ಒಂದಾದ ಮೇಲೊಂದು ಟಚ್‌ಡೌನ್. ಅಂತರ ಕರಗುತ್ತ 31–29ಕ್ಕೆ ಬಂತು. ಸೋಫಾದ ಮೇಲಿದ್ದವರು ನೆಲಕ್ಕಿಳಿದರು, ನೆಲದ ಮೇಲಿದ್ದವರು ಎದ್ದರು. ಬಾಲ್ಟಿಮೋರಿನವನು ಚೆಂಡು ಎತ್ತಿದ, ಎಸೆದ, ಚೆಂಡು ಗಾಳಿಯಲ್ಲಿದೆ—

ಪರದೆ ನೀಲಿಯಾಯಿತು. ರೆಕಾರ್ಡಿಂಗ್ ಮುಗಿದಿದೆ, ಅಳಿಸಲೇ, ಇಟ್ಟುಕೊಳ್ಳಲೇ ಎಂದು ಯಂತ್ರ ವಿನಯದಿಂದ ಕೇಳಿತು.

ಇಪ್ಪತ್ತು ಮನೆಯವರು ಒಟ್ಟಿಗೆ ದಬರಿಗೆ ಕೈಹಾಕಿದರು. ಆಟ ಆಗಲೇ ಮುಗಿದಿತ್ತು: 34–31, ಸೋತಿದ್ದೆವು. ಆ ಸೋಲಿನ ದುಃಖ ಮಾಡಲೂ ಯಾರಿಗೂ ಪುರುಸೊತ್ತಿಲ್ಲ. ತಂತಮ್ಮ ಫೋನು ಯಾವುದೆಂದು ಹುಡುಕುವ ಗಲಾಟೆ.

"ಅಮೆರಿಕದಲ್ಲೂ ಕರೆಂಟ್ ಹೋಗತ್ತೇನೋ?" ಎಂದರು ಅಮ್ಮ.

"ಮೂವತ್ತು ನಿಮಿಷ ಹೆಚ್ಚಿಗೇ ಇಟ್ಟಿದ್ದೆ" ಎಂದರು ರಾಯರು. "ಕರೆಂಟು ಮೂವತ್ನಾಲ್ಕು ನಿಮಿಷ ಹೋಯ್ತು. ನಾಲ್ಕೇ ನಿಮಿಷ." ತಪ್ಪಿದ್ದು ನಾಲ್ಕೇ ನಿಮಿಷವಲ್ಲ ಎಂದು ಆ ಹೊತ್ತಿನಲ್ಲಿ ಲೆಕ್ಕ ತಿದ್ದುವ ಧೈರ್ಯ ಯಾರಿಗಿತ್ತು?

ಇಷ್ಟೆಲ್ಲ ಮಾಡುವವರು ಟಿವಿ ನೋಡುತ್ತಾರಾ ಎಂದು ಕೇಳಬಹುದು. ನಾನಂತೂ ನೋಡಿಲ್ಲ. ಎಚ್‌ಡಿಯಲ್ಲಿ ಗಂಟೆಗೆ ಆರೇಳು ಜಿಬಿ ಬೇಕು, ಡಿಸ್ಕು ತುಂಬುತ್ತದೆ, ಹೊಸ ಡಿಸ್ಕು ಬರುತ್ತದೆ. ಇಷ್ಟನ್ನು ಯಾರು ನೋಡುವವರು ಎಂದು ಅತ್ತಿಗೆ ಗೊಣಗಿದರೆ 1984ರ ಬೀಟಾಮ್ಯಾಕ್ಸ್ ತೀರ್ಪು ಹೊರಬರುತ್ತದೆ: ಆಮೇಲೆ ನೋಡಲೆಂದು ಮನೆಯಲ್ಲಿ ಮುದ್ರಿಸಿಕೊಳ್ಳುವುದು ತಪ್ಪಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತಗಳಿಂದ ಹೇಳಿದೆ. ಆಮೇಲೆ ಎಂದರೆ ಯಾವಾಗ ಎಂದು ಕೋರ್ಟು ಹೇಳಿಲ್ಲ. ರಾಯರ ಬಲ ಅದೇ. ಒಮ್ಮೆ ಯಾವುದೋ ಸಾಕ್ಷ್ಯಚಿತ್ರ ಹೇಗಿತ್ತು ಎಂದು ಕೇಳಿದೆ. "ಬಹಳ ಚೆನ್ನಾಗಿ ಬಂದಿದೆ, ಒಂದು ಫ್ರೇಮೂ ಬಿದ್ದಿಲ್ಲ" ಎಂದರು.

ಮುಂದೊಂದು ದಿನ ಮದರ್‌ಬೋರ್ಡ್ ಸತ್ತಿತು. ಹೊಸದು ಹಾಕಿದರು. ಕಡತಗಳೆಲ್ಲ ಇದ್ದಲ್ಲೇ ಇದ್ದವು. ಆದರೆ ದುಡ್ಡು ಕೊಟ್ಟು ತರಿಸುವ ಚಾನೆಲ್‌ಗಳು ತಮ್ಮ ಸಿನಿಮಾಗಳಿಗೆ 'ಒಂದೇ ಪ್ರತಿ' ಎಂಬ ಗುರುತು ಹಾಕಿ ಕಳಿಸುತ್ತವೆ. ಅಂಥದ್ದು ಮುದ್ರಿಸಿದ ಯಂತ್ರದಲ್ಲಿ ಮಾತ್ರ ತೆರೆಯುತ್ತದೆ. ಹೊಸ ಬೋರ್ಡು ಹಾಕಿದ ಯಂತ್ರವನ್ನು ಆ ಬೀಗ ಗುರುತಿಸಲಿಲ್ಲ. ನೂರಾರು ಸಿನಿಮಾ, ಹೆಸರು ಓದಬಹುದು, ನೋಡುವ ಹಾಗಿಲ್ಲ. ಮನೆಯಲ್ಲಿ ಬೇರೆ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.

2015ರಲ್ಲಿ ವಿಂಡೋಸ್ 10 ಬಂದಾಗ ಅದರಲ್ಲಿ ಮೀಡಿಯಾ ಸೆಂಟರ್ ಇರಲಿಲ್ಲ. ರಾಯರು ವಿಂಡೋಸ್ 7ರಲ್ಲೇ ಉಳಿದರು. 2020ರ ಜನವರಿಯಲ್ಲಿ ಕಾರ್ಯಕ್ರಮಗಳ ಪಟ್ಟಿ ಬರುವುದೂ ನಿಂತಿತು. ಅದೇ ವರ್ಷ ಎಫ್‌ಸಿಸಿ ಕೇಬಲ್‌ಕಾರ್ಡಿನ ಕಡ್ಡಾಯವನ್ನೇ ಕೈಬಿಟ್ಟಿತು. ರಾಯರು ಕೇಬಲ್ ಕಿತ್ತೊಗೆದು ಸೂರಿನ ಮೇಲೆ ಆಂಟೆನಾ ನೆಟ್ಟರು. ಸ್ಯಾನ್ ಫ್ರಾನ್ಸಿಸ್ಕೊದ 977 ಅಡಿಯ ಸುಟ್ರೊ ಟವರಿನ ಕಡೆಗೆ ಮುಖ ಮಾಡಿಸಿ, ಗಾಳಿಯಲ್ಲಿ ಬಿಟ್ಟಿ ಬರುವುದನ್ನು ಈಗ ಮುದ್ರಿಸುತ್ತಿದ್ದಾರೆ.

ಮಗ ಸಿಯಾಟಲ್‌ನಲ್ಲಿದ್ದಾನೆ. ಅಪ್ಪ ಕಂಪ್ಯೂಟರ್ ಕಟ್ಟಿಕೊಡುತ್ತೇನೆಂದರೆ "ಬೇಡಪ್ಪ, ಎಲ್ಲ ಸ್ಟ್ರೀಮಿಂಗ್" ಎಂದ. ರಾಯರು ಕೂತಲ್ಲೇ ಅವನ ಚಂದಾಗಳ ಪಟ್ಟಿ ಬರೆಸಿಕೊಂಡರು. ಸಿನಿಮಾಕ್ಕೊಂದು, ಆಟಕ್ಕೊಂದು, ಕಾರ್ಟೂನಿಗೊಂದು, ಕನ್ನಡಕ್ಕೊಂದು, ಯಾಕೆಂದು ಅವನಿಗೇ ನೆನಪಿಲ್ಲದ್ದು ಇನ್ನೊಂದು. ಒಟ್ಟು ಕೂಡಿಸಿದರೆ ಹಳೆಯ ಡಬ್ಬಗಳ ಬಾಡಿಗೆಯನ್ನೂ ಮೀರಿತು. ಚಂದಾ ನಿಲ್ಲಿಸಿದ ದಿನ ಕೈಯಲ್ಲಿ ಒಂದು ಕಡತವೂ ಉಳಿಯುವುದಿಲ್ಲ. ಈ ಲೆಕ್ಕವನ್ನು ರಾಯರು ಕಳೆದ ದೀಪಾವಳಿಯ ಊಟದಲ್ಲಿ ಎಲ್ಲರ ಮುಂದೆ ಇಟ್ಟರು. ನಿಜ ಹೇಳಬೇಕೆಂದರೆ ಅವರ ಮಾತು ಸರಿಯಾಗಿತ್ತು. ನಮಗೆಲ್ಲರಿಗೂ ಅದು ಗೊತ್ತಿತ್ತು. ಆದರೂ ಒಬ್ಬರೂ ತಲೆಯಾಡಿಸಲಿಲ್ಲ, ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತ ಬಗ್ಗಿಸಿದ ಕತ್ತು ಎತ್ತಲಿಲ್ಲ. ಹೌದು ಎಂದವರ ಮನೆಗೆ ಶನಿವಾರ ಬೆಳಿಗ್ಗೆ ಏಣಿ ಬರುತ್ತದೆ.