ಓದುವುದು ಹೇಗೆಂದು ಕಲಿಸಲು ಒಂದು ದಿನದ ಭಾಷಣ ಸಾಲದು

ಪದವಿ ಕಾಲೇಜುಗಳ ಪ್ರಾಂಶುಪಾಲರಿಗೆ ಮತ್ತು ಐಕ್ಯೂಎಸಿ ಸಂಯೋಜಕರಿಗೆ ಬಹಿರಂಗ ಪತ್ರ

ಮಾನ್ಯರೇ,

ಮೊದಲ ಸೆಮಿಸ್ಟರ್ ಶುರುವಾಗುತ್ತಿದ್ದಂತೆ ನಮ್ಮ ಕಾಲೇಜುಗಳಲ್ಲಿ ಅಧ್ಯಯನ ಕೌಶಲದ ಕಾರ್ಯಾಗಾರ ಏರ್ಪಾಡಾಗುತ್ತದೆ. ಹೊಸಬರನ್ನು ಕಾಲೇಜಿಗೆ ಒಗ್ಗಿಸಬೇಕೆಂದು ಯುಜಿಸಿಯ ‘ದೀಕ್ಷಾರಂಭ’ ಮಾರ್ಗಸೂಚಿ ಹೇಳುತ್ತದೆ, ನ್ಯಾಕ್ ವರದಿಗೂ ಇಂಥ ಕಾರ್ಯಕ್ರಮಗಳ ವಿವರ ಬೇಕು. ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ, ನಡೆಸುವ ಬಗೆಯ ಮೇಲಿದೆ. ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಎರಡು ಗಂಟೆ ಉಪನ್ಯಾಸ, ವಂದನಾರ್ಪಣೆ, ಫೋಟೊ. ಸುಮ್ಮನೆ ಕೂತು ಕೇಳಿದರೆ ವಿದ್ಯೆ ಹತ್ತುವುದಿಲ್ಲ ಎಂಬ ಮಾತನ್ನೇ ಇಡೀ ಸಭಾಂಗಣ ಸುಮ್ಮನೆ ಕೂತು ಕೇಳಿ ಎದ್ದು ಹೋಗುತ್ತದೆ.

ಮರುದಿನ ಕೊನೆಯ ಬೆಂಚಿನ ಹುಡುಗಿಯೊಬ್ಬಳ ಜೆರಾಕ್ಸ್ ನೋಟ್ಸ್ ತೆಗೆದು ನೋಡಿ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಿಕಾಂ ಸೇರಿದವಳು. ‘ಡಿಪ್ರಿಸಿಯೇಷನ್’ ಎಂಬುದರ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ಕನ್ನಡದ ಉಚ್ಚಾರಣೆ, ಪಕ್ಕದಲ್ಲಿ ‘ಸವಕಳಿ’ ಎಂದು ಅರ್ಥ, ಪುಟದ ತುಂಬ ಹಳದಿ ಹೈಲೈಟರ್. ರಾತ್ರಿ ಹನ್ನೊಂದರವರೆಗೆ ಅದನ್ನೇ ಮತ್ತೆ ಮತ್ತೆ ಓದಿರುತ್ತಾಳೆ. ಐಎ ಟೆಸ್ಟ್ ಮುಗಿಸಿ ಬಂದು, “ಎಲ್ಲಾ ಗೊತ್ತಿತ್ತು ಸರ್, ಬರೆಯೋಕೆ ಕೂತಾಗ ಬರ್ಲಿಲ್ಲ” ಅನ್ನುತ್ತಾಳೆ. ಅವಳು ಸೋಮಾರಿಯಲ್ಲ. ಓದುವ ಕ್ರಮವನ್ನು ಯಾರೂ ಅವಳಿಗೆ ಕೈಹಿಡಿದು ತೋರಿಸಿಲ್ಲ.

ಅವಳಿಗೆ ಹೀಗಾಗುವುದೇಕೆಂದು ಮನಶ್ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳಿಂದ ಒಂದು ಪಾಠ ಓದಿಸಿದರು. ಕೆಲವರು ಅದನ್ನೇ ಮತ್ತೆ ಓದಿದರು; ಉಳಿದವರು ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಇಟ್ಟ ಪರೀಕ್ಷೆಯಲ್ಲಿ, ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕದ ಪರೀಕ್ಷೆಯಲ್ಲಿ, ನೆನಪಿಸಿಕೊಂಡು ಬರೆದಿದ್ದವರು ಅವರನ್ನು ಹಿಂದೆ ಹಾಕಿದ್ದರು. ಮತ್ತೆ ಮತ್ತೆ ಓದುವುದರಿಂದ ‘ನನಗೆ ಗೊತ್ತು’ ಎಂಬ ಭರವಸೆ ಹೆಚ್ಚುತ್ತದೆ, ನೆನಪು ಅಷ್ಟು ನಿಲ್ಲುವುದಿಲ್ಲ. 2013ರಲ್ಲಿ ಡನ್ಲಾಸ್ಕಿ ಮತ್ತು ಸಂಗಡಿಗರು ಓದಿನ ಹತ್ತು ವಿಧಾನಗಳನ್ನು ತೂಗಿ ನೋಡಿದಾಗಲೂ ಗೆರೆ ಎಳೆಯುವುದು, ಮರು ಓದು ಕೆಳಗೆ ಬಿದ್ದವು; ತಮಗೆ ತಾವೇ ಪರೀಕ್ಷೆ ಇಟ್ಟುಕೊಳ್ಳುವುದು ಮತ್ತು ಓದನ್ನು ದಿನಗಳಲ್ಲಿ ಹಂಚಿಕೊಳ್ಳುವುದು ಮೇಲೆ ನಿಂತವು. ನಮ್ಮ ಕಾರ್ಯಾಗಾರಗಳಲ್ಲಿ ಇವಕ್ಕಿಂತ ಹೆಚ್ಚಾಗಿ ಕೇಳುವುದು ‘ನೀನು ನೋಡಿ ಕಲಿಯುವವನು, ನೀನು ಕೇಳಿ ಕಲಿಯುವವಳು’ ಎಂಬ ವಿಂಗಡಣೆ. ಹಾಗೆ ವಿಂಗಡಿಸಿ ಕಲಿಸಿದರೆ ಲಾಭವಿದೆ ಎನ್ನಲು ಸರಿಯಾದ ಪುರಾವೆಯಿಲ್ಲ. ದಯವಿಟ್ಟು ಅದನ್ನು ಕೈಬಿಡಿ.

ಮನೋಭಾವದ ಮಾತಿಗೆ ಬರುತ್ತೇನೆ. ಬುದ್ಧಿಶಕ್ತಿ ಹುಟ್ಟಿನಿಂದ ಅಳೆದು ಕೊಟ್ಟದ್ದಲ್ಲ, ಬೆಳೆಸಿಕೊಳ್ಳಬಹುದಾದದ್ದು ಎಂಬ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್ ಅವರ ವಿಚಾರವನ್ನು ಅಮೆರಿಕದ ಒಂಬತ್ತನೇ ತರಗತಿಯ ಸುಮಾರು 12,000 ಮಕ್ಕಳ ನಡುವೆ ಪರೀಕ್ಷಿಸಿದ ವರದಿ 2019ರಲ್ಲಿ ಪ್ರಕಟವಾಯಿತು. ಓದಿನಲ್ಲಿ ಹಿಂದುಳಿದ ಮಕ್ಕಳ ಅಂಕ ಏರಿತು, ಆದರೆ ಸ್ವಲ್ಪವೇ. ಅದೂ ಸುತ್ತಲಿನ ಮಕ್ಕಳು ಕಷ್ಟದ ಲೆಕ್ಕಕ್ಕೆ ಕೈಹಾಕುವಂಥ ಶಾಲೆಗಳಲ್ಲಿ ಹೆಚ್ಚು. ವೇದಿಕೆಯ ಮೇಲೆ ‘ನಿಮ್ಮಿಂದ ಸಾಧ್ಯ’ ಎಂದು ಹೇಳಿಸಿ, ತರಗತಿಯಲ್ಲಿ ‘ಬ್ಯಾಕ್ ಇರೋರೆಲ್ಲ ಎದ್ದು ನಿಲ್ಲಿ’ ಅಂದರೆ ಮಕ್ಕಳು ಎರಡನೆಯದನ್ನೇ ನಂಬುತ್ತಾರೆ.

ನಿಮ್ಮೆಲ್ಲರ ಗಮನಕ್ಕೆ ಬರಬೇಕಾದ ಕೆಲಸ ಅಮೆರಿಕದ ಗಣಿತಜ್ಞ ಯೂರಿ ಟ್ರೈಸ್‌ಮನ್ ಅವರದು. 1970ರ ದಶಕದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿ ಕ್ಯಾಲ್ಕುಲಸ್‌ನಲ್ಲಿ ಫೇಲಾಗುತ್ತಿದ್ದರು. ಆಸಕ್ತಿ ಇಲ್ಲ, ತಯಾರಿ ಇಲ್ಲ, ಮನೆಯ ಬೆಂಬಲ ಇಲ್ಲ ಎಂದು ಅಧ್ಯಾಪಕರು ಕಾರಣ ಕೊಟ್ಟರು. ನಮ್ಮ ಸ್ಟಾಫ್ ರೂಮಿನಲ್ಲಿ ಕೇಳುವ ಮಾತುಗಳೇ. ಟ್ರೈಸ್‌ಮನ್ ಆ ಮಕ್ಕಳ ಜೊತೆಗಿದ್ದು ನೋಡಿದರು. ಅಧ್ಯಾಪಕರು ಹೇಳಿದಷ್ಟು ಹೊತ್ತು ಮಕ್ಕಳು ಓದುತ್ತಿದ್ದರು, ಆದರೆ ಒಂಟಿಯಾಗಿ. ಚೀನೀ ಮೂಲದ ವಿದ್ಯಾರ್ಥಿಗಳು ಗುಂಪಾಗಿ ಕೂತು, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಟ್ರೈಸ್‌ಮನ್ ಶುರುಮಾಡಿದ ಕಾರ್ಯಾಗಾರ ‘ದಡ್ಡರ ಕ್ಲಾಸ್’ ಆಗಲಿಲ್ಲ. ಸಣ್ಣ ಗುಂಪುಗಳಿಗೆ ಹೋಂವರ್ಕಿಗಿಂತ ಕಠಿಣವಾದ ಲೆಕ್ಕಗಳನ್ನು ಕೊಟ್ಟು, ಚರ್ಚಿಸಿ ಬಿಡಿಸಲು ಬಿಟ್ಟರು. ಅಲ್ಲಿ ಕೂತ ಕಪ್ಪು ವಿದ್ಯಾರ್ಥಿಗಳ ಫಲಿತಾಂಶ ಗಣನೀಯವಾಗಿ ಮೇಲೇರಿತು. ಪ್ರೇರಣಾ ಭಾಷಣ ಅವರಿಗೆ ಬೇಕಾಗಿರಲಿಲ್ಲ.

ನಮ್ಮಲ್ಲೂ ಇಂಥ ಕಾರ್ಯಾಗಾರ ನಡೆಸಲು ದೊಡ್ಡ ಅನುದಾನ ಬೇಡ. ವೇಳಾಪಟ್ಟಿಯಲ್ಲಿ ವಾರಕ್ಕೊಂದು ಪೀರಿಯಡ್ ಬಿಡಿಸಿ ಕೊಡಿ. ಕಾಮರ್ಸ್ ಮೇಷ್ಟ್ರು ತಮ್ಮ ವಿಷಯದಲ್ಲೇ ಅದನ್ನು ನಡೆಸಲಿ. ನಾಲ್ಕೈದು ಮಕ್ಕಳ ಗುಂಪು, ಒಂದು ಕಷ್ಟದ ಲೆಕ್ಕ, ಪುಸ್ತಕ ಮುಚ್ಚಿ ಬರೆಯಲು ಹತ್ತು ನಿಮಿಷ, ಉಳಿದ ಹೊತ್ತು ಚರ್ಚೆ. ಚರ್ಚೆ ಕನ್ನಡದಲ್ಲೇ ಇರಲಿ. ಇಂಗ್ಲಿಷಿನಲ್ಲಿ ಉತ್ತರ ಬರೆಯುವುದನ್ನು ಆಮೇಲೆ ಒಟ್ಟಿಗೆ ಕಲಿಯಲಿ. ಅತಿಥಿ ಉಪನ್ಯಾಸಕರಿಗೆ ಈ ಪೀರಿಯಡನ್ನು ಕಾರ್ಯಭಾರದಲ್ಲಿ ಲೆಕ್ಕಹಿಡಿಯಿರಿ, ಬಿಟ್ಟಿ ದುಡಿಸಬೇಡಿ.

ಮೊದಲ ಐಎ ಟೆಸ್ಟಿಗೆ ಇನ್ನೂ ಕೆಲವು ವಾರ ಇದೆ. ಈ ಸೆಮಿಸ್ಟರಿನಲ್ಲೇ ಒಂದು ಸೆಕ್ಷನ್‌ನಿಂದ ಆರಂಭಿಸಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ,
ಪದವಿ ಕಾಲೇಜಿನ ಒಬ್ಬ ಅಧ್ಯಾಪಕ