ಬೋರಲು ಮಲಗಿದ ಆಲೂಗಡ್ಡೆ

ಕರಿದದ್ದೇನೂ ತಿನ್ನುತ್ತಿಲ್ಲ ಎಂದು ಡಾಕ್ಟರ ಮುಂದೆ ಧೈರ್ಯವಾಗಿ ಹೇಳಬಹುದು, ಚೀಸಿನ ಮಾತು ಎತ್ತದಿದ್ದರಾಯಿತು. ಓವನ್ನಿನ ಆಲೂಗಡ್ಡೆ ಹೋಳುಗಳ ದೊಡ್ಡ ಅನುಕೂಲವೇ ಇದು. ಸಿಪ್ಪೆಯನ್ನೂ ಹೆರೆಯಬೇಕಿಲ್ಲ, ನಮ್ಮಂಥ ಸೋಮಾರಿಗಳು ಅದನ್ನು ನಾರಿನಂಶ ಎನ್ನುತ್ತೇವೆ.

ಉದ್ದುದ್ದ ಹೆಚ್ಚಿ ಅರ್ಧ ಗಂಟೆ ತಣ್ಣೀರಲ್ಲಿ ನೆನೆಸಿದರೆ ಮೇಲಿನ ಪಿಷ್ಟ ಹೋಗುತ್ತದೆ. ಆಮೇಲೆ ಒರೆಸುವುದಿದೆಯಲ್ಲ, ಗುಟ್ಟೆಲ್ಲ ಅಲ್ಲಿದೆ. ಮಿಂದು ಬಂದ ಮಗುವಿನ ತಲೆಯಂತೆ, ಎಷ್ಟು ಕೊಸರಿದರೂ ಬಿಡದೆ ಒರೆಸಬೇಕು. ತೇವ ಉಳಿದರೆ ಹೋಳು ಹಬೆಯಲ್ಲೇ ಬೆಂದು ಮೆತ್ತಗಾಗುತ್ತದೆ.

ಎಣ್ಣೆ, ಉಪ್ಪು, ಕಾಳುಮೆಣಸು ಸವರಿ. ಟ್ರೇಗೆ ಬೇಕಿಂಗ್ ಪೇಪರ್ ಹಾಸಿ, ತುರಿದ ಪಾರ್ಮೆಸಾನ್ ಹರಡಿ, ಹೋಳುಗಳನ್ನು ಬೋರಲು ಮಲಗಿಸಿ. 220 ಡಿಗ್ರಿಯಲ್ಲಿ ಸುಮಾರು ಅರ್ಧ ಗಂಟೆ. ಹೊರತೆಗೆದ ಮೇಲೆ ಐದು ನಿಮಿಷ ಮುಟ್ಟಬೇಡಿ. ಆರಿದರೇ ಚೀಸು ಗರಿಗರಿಯಾಗುವುದು. ಮನೆಯವರನ್ನು ಅಷ್ಟು ಹೊತ್ತು ಹೇಗಾದರೂ ಅಡುಗೆಮನೆಯ ಹೊರಗಿಡಿ.