ಎರಡೂ ಮುಕ್ಕಾಲು ಗಂಟೆಯ ದೆಹಲಿ

ಬೆಂಗಳೂರಿನಿಂದ ದೆಹಲಿಗೆ ಆಕಾಶಮಾರ್ಗದಲ್ಲಿ ಸುಮಾರು 1,700 ಕಿ.ಮೀ. ವಿಮಾನಕ್ಕೆ ಎರಡು ಗಂಟೆ ಚಿಲ್ಲರೆ ಸಾಕು. ವೇಳಾಪಟ್ಟಿ ಮಾತ್ರ ಎರಡೂ ಮುಕ್ಕಾಲು ಎನ್ನುತ್ತದೆ. ರನ್‌ವೇ ಮುಂದೆ ಸಾಲು ನಿಲ್ಲುವುದು, ದೆಹಲಿಯ ನೆತ್ತಿಯ ಮೇಲೆ ಗಿರಕಿ ಹೊಡೆಯುವುದು, ಎಲ್ಲವನ್ನೂ ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಅದರ ಮೇಲೂ ಹದಿನೈದು ನಿಮಿಷದೊಳಗಿನ ತಡ ತಡವೇ ಅಲ್ಲ ಎಂಬ ರಿಯಾಯಿತಿ. ಈ ಜಾಣತನವನ್ನು ಕಂಪನಿಗಳು ಸರ್ಕಾರದಿಂದ ಕಲಿತಿರಲಾರವು. ಸರ್ಕಾರ ವೇಳಾಪಟ್ಟಿಯನ್ನೇ ಅಚ್ಚು ಹಾಕಿಸುವುದಿಲ್ಲ.

ಇನ್ನು ನಮ್ಮ ಸಚಿವಾಕಾಂಕ್ಷಿಗಳು. ಪಕ್ಷ ಯಾವುದಾದರೂ ಆಗಲಿ, ದೇವನಹಳ್ಳಿಯಲ್ಲಿ ಹತ್ತಿದರೆ ತಿಂದ ಇಡ್ಲಿ ಕರಗುವ ಮೊದಲೇ ದೆಹಲಿ. ಅಲ್ಲಿಂದ ನೇರ ಕರ್ನಾಟಕ ಭವನ. ಅದಿರುವುದು ಕೌಟಿಲ್ಯ ಮಾರ್ಗದಲ್ಲಿ. ಜಾಗ ಹುಡುಕಿದವರಿಗೆ ನಮ್ಮ ಭವಿಷ್ಯ ಗೊತ್ತಿತ್ತೇನೋ. ಹೈಕಮಾಂಡ್ ಭೇಟಿಗೆ ಸಮಯ ಸಿಗಬೇಕು. ಇವತ್ತು ಕಷ್ಟ, ನಾಳೆ ನೋಡೋಣ. ಅಷ್ಟರಲ್ಲಿ ಟಿವಿಯವರ ಮೈಕು ಎದುರಾಗುತ್ತದೆ: ‘ಖಾಸಗಿ ಕೆಲಸಕ್ಕೆ ಬಂದಿದ್ದೇನೆ, ಇದರಲ್ಲಿ ರಾಜಕೀಯ ಏನೂ ಇಲ್ಲ.’ ಸೋಮವಾರ ಸಂಜೆ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದ ಬಡಪಾಯಿ ಸುಮಾರು 2,400 ಕಿ.ಮೀ. ಹಳಿ ಸವೆಸಿ ಬುಧವಾರ ಬೆಳಿಗ್ಗೆ ದೆಹಲಿಯಲ್ಲಿ ಇಳಿಯುತ್ತಾನೆ. ಮಂಗಳವಾರ ವಿಮಾನದಲ್ಲಿ ಬಂದ ಸಾಹೇಬರು ಆಗಲೂ ಭವನದ ಕೋಣೆಯಲ್ಲಿ ಫೋನ್ ದಿಟ್ಟಿಸುತ್ತ ಕೂತಿರುತ್ತಾರೆ. ದೆಹಲಿಗೆ ಬಂದದ್ದಾಯಿತು, ತಲುಪಿದ್ದಾಗಿಲ್ಲ.

ಇದು ಹೋಗುವ ದಾರಿ. ಬರುವ ದಾರಿ ಇನ್ನೂ ಸೊಗಸು.

2023ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಬರ ಘೋಷಿಸಿತು. ಪರಿಹಾರವಾಗಿ 18,171 ಕೋಟಿ ರೂಪಾಯಿ ಕೊಡಿ ಎಂದು ಕೇಂದ್ರವನ್ನು ಕೇಳಿತು. ಕಾಯಿತು, ಪತ್ರ ಬರೆಯಿತು, ಮರುವರ್ಷದ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಏಪ್ರಿಲ್ ಕೊನೆಯ ಹೊತ್ತಿಗೆ ಬಂದಿಳಿದದ್ದು 3,400 ಕೋಟಿ ಚಿಲ್ಲರೆ. ಹಾರಾಟದ ಅವಧಿ ಏಳು ತಿಂಗಳು; ಲಗೇಜಿನಲ್ಲಿ ಐದರಲ್ಲಿ ನಾಲ್ಕು ಪಾಲು ನಾಪತ್ತೆ. ಇಂಥದ್ದಕ್ಕೆ ವಿಮಾನ ನಿಲ್ದಾಣದಲ್ಲಾದರೆ ದೂರು ಕೊಡಲು ಒಂದು ಕೌಂಟರ್ ಇರುತ್ತದೆ.

ದೂರವೇ ತೊಂದರೆ ಎನ್ನೋಣವೆಂದರೆ ಮಹದಾಯಿ ನದಿನೀರಿನ ವ್ಯಾಜ್ಯ ಅಡ್ಡ ಬರುತ್ತದೆ. ನ್ಯಾಯಮಂಡಳಿ ಇದ್ದದ್ದು ದೆಹಲಿಯಲ್ಲಿ, ಕೇಂದ್ರದ ರಾಜಪತ್ರ ಹೊರಡುವುದೂ ದೆಹಲಿಯಲ್ಲಿ. ಆದರೂ 2018ರ ಆಗಸ್ಟ್‌ನಲ್ಲಿ ಬಂದ ತೀರ್ಪು ರಾಜಪತ್ರದ ಪುಟ ಮುಟ್ಟಿದ್ದು 2020ರ ಫೆಬ್ರವರಿಯಲ್ಲಿ. ನಡೆದುಕೊಂಡೇ ಹೋಗಿದ್ದರೂ ಮಧ್ಯಾಹ್ನದ ಊಟಕ್ಕೆ ಮುಂಚೆ ತಲುಪಬಹುದಿತ್ತು.

ಲೋಕಸಭೆಯಲ್ಲಿ ನಮ್ಮವರು 28 ಜನ. ಸಂಸದರಿಗೆ ವರ್ಷಕ್ಕೆ ತಲಾ 34 ವಿಮಾನ ಪ್ರಯಾಣ ಪುಕ್ಕಟೆ, ಆದ್ದರಿಂದ ದಾರಿ ಗೊತ್ತಿಲ್ಲ ಎನ್ನುವಂತಿಲ್ಲ. ಬರುವಾಗ ಒಂದು ಅನುಮತಿ ಪತ್ರವನ್ನೋ ಮಂಜೂರಾತಿ ಆದೇಶವನ್ನೋ ಕೈಚೀಲಕ್ಕೆ ಹಾಕಿಕೊಂಡು ಬರಬಹುದಲ್ಲ? ಕೈಚೀಲಕ್ಕೆ ಏಳು ಕೆ.ಜಿ. ಮಿತಿಯಿದೆ, ನಿಜ. ಆದರೆ ಹೋಗುವಾಗ ಹೊತ್ತೊಯ್ಯುವ ಹಾರ, ಪೇಟ, ಶಾಲುಗಳು ಅದಕ್ಕಿಂತ ಹೆಚ್ಚೇ ತೂಗುತ್ತವೆ. ಅವನ್ನು ಯಾರೂ ತಡೆದದ್ದು ಕೇಳಿಲ್ಲ.